ಸೂರ್ಯಬಿಂಬದ ಮೇಲೊಂದು ಗಸಗಸೆ ಕಾಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕ. 2012ರ ಜೂನ್ 6ರ ಬೆಳಿಗ್ಗೆ ಗ್ರಹಣದ ಕನ್ನಡಕ ಹಾಕಿಕೊಂಡು ಮಕ್ಕಳೊಂದಿಗೆ ಶುಕ್ರ ಸಂಕ್ರಮಣವನ್ನು, ಅಂದರೆ ಶುಕ್ರಗ್ರಹ ಸೂರ್ಯಬಿಂಬದ ಮುಂದೆ ಕಪ್ಪು ಚುಕ್ಕೆಯಾಗಿ ದಾಟಿಹೋಗುವುದನ್ನು, ನೋಡಿದ್ದೆ. 2016ರ ಮೇ 9ರಂದು ಅದೇ ಕನ್ನಡಕದಲ್ಲಿ ಬುಧ ಸಂಕ್ರಮಣ ನೋಡಲು ಸಂಜೆಯವರೆಗೆ ಕಾದರೂ ಏನೂ ಕಾಣಲಿಲ್ಲ. ನನ್ನಿಂದ ಆದ ತಪ್ಪೇನು? ಮುಂದಿನ ಸಂಕ್ರಮಣವನ್ನು ಶಾಲೆಯ ಸಣ್ಣ ದೂರದರ್ಶಕದಲ್ಲಿ ತೋರಿಸಬಹುದೇ?

ಉತ್ತರ: ತಪ್ಪು ನಿಮ್ಮದಲ್ಲ, ಬುಧ ಅಷ್ಟು ಚಿಕ್ಕವನು. ಸಂಕ್ರಮಣದ ವೇಳೆ ಶುಕ್ರನ ಅಗಲ ಸೂರ್ಯಬಿಂಬದ ಸುಮಾರು ಮೂವತ್ತೆರಡನೆಯ ಒಂದು ಭಾಗದಷ್ಟಿರುತ್ತದೆ. ಬುಧನದು ಮೇ ತಿಂಗಳಲ್ಲಿ ಸುಮಾರು ನೂರೈವತ್ತೆಂಟನೆಯ ಒಂದು ಭಾಗ, ನವೆಂಬರಿನಲ್ಲಿ ಇನ್ನೂ ಕಡಿಮೆ, ನೂರತೊಂಬತ್ತನಾಲ್ಕನೆಯ ಒಂದು ಭಾಗ ಮಾತ್ರ. ಸೂರ್ಯನನ್ನು ಕಾಗದದ ಮೇಲೆ 15 ಸೆಂಟಿಮೀಟರ್ ಅಗಲಕ್ಕೆ ಮೂಡಿಸಿದರೆ ಶುಕ್ರ ಬಿಳಿಜೋಳದ ಕಾಳಿನಷ್ಟು ಕಾಣುತ್ತಾನೆ, ಬುಧ ಗಸಗಸೆ ಕಾಳಿನಷ್ಟು. ಬರಿಗಣ್ಣು ಇದನ್ನು ಗುರುತಿಸಲಾರದು; ಬಿಂಬವನ್ನು ದೊಡ್ಡದು ಮಾಡಲೇಬೇಕು. ಬುಧ ಸಂಕ್ರಮಣವನ್ನು ಮೊದಲ ಬಾರಿಗೆ ಕಂಡ ಫ್ರಾನ್ಸಿನ ಖಗೋಳಜ್ಞ ಗಾಸೆಂಡಿ ಕೂಡ, 1631ರ ನವೆಂಬರ್ 7ರಂದು ಪ್ಯಾರಿಸ್ಸಿನಲ್ಲಿ ಕಾಗದದ ಮೇಲೆ ಬಿಂಬ ಬೀಳಿಸಿ ನೋಡುತ್ತಿದ್ದಾಗ, ಇಷ್ಟು ಚಿಕ್ಕ ಚುಕ್ಕೆ ಬುಧನಾಗಿರಲಾರದು, ಸೌರಕಲೆ (ಸೂರ್ಯನ ಮೈಮೇಲಿನ ಕಪ್ಪು ಮಚ್ಚೆ) ಇರಬೇಕು ಎಂದೇ ಮೊದಲು ಭಾವಿಸಿದ್ದ. ಆ ಚುಕ್ಕೆ ಸೌರಕಲೆಗಿರದ ವೇಗದಲ್ಲಿ ಸರಿಯುವುದನ್ನು ಕಂಡ ಮೇಲೆಯೇ ಅವನಿಗೆ ಖಾತ್ರಿಯಾದದ್ದು.

ಮುಂದಿನ ಬುಧ ಸಂಕ್ರಮಣ 2032ರ ನವೆಂಬರ್ 13ರಂದು, ಮತ್ತು ಅದು ನಮ್ಮ ಭಾಗಕ್ಕೆ ಹೇಳಿ ಮಾಡಿಸಿದಂತಿದೆ. ಭಾರತೀಯ ಕಾಲಮಾನದಲ್ಲಿ ಮಧ್ಯಾಹ್ನ ಸುಮಾರು 12 ಗಂಟೆ 11 ನಿಮಿಷಕ್ಕೆ ಆರಂಭವಾಗಿ ಸಂಜೆ 4 ಗಂಟೆ 37 ನಿಮಿಷದ ಹೊತ್ತಿಗೆ ಮುಗಿಯುವುದರಿಂದ, 2016ರಲ್ಲಿ ಆದಂತೆ ಅರ್ಧದಲ್ಲೇ ಸೂರ್ಯ ಮುಳುಗುವ ಭಯವಿಲ್ಲ. ಅಂದು ಶನಿವಾರ, ಬೆಳಗಿನ ಶಾಲೆ ಬಿಟ್ಟೊಡನೆ ಮಕ್ಕಳನ್ನು ಮೈದಾನದಲ್ಲಿ ಕೂಡಿಸಬಹುದು. ಕೊನೆಯ ಹೊತ್ತಿಗೆ ಸೂರ್ಯ ಕೆಳಗಿಳಿದಿರುತ್ತಾನಾದ್ದರಿಂದ ಪಶ್ಚಿಮಕ್ಕೆ ಮರ, ಕಟ್ಟಡಗಳಿಲ್ಲದ ಜಾಗವನ್ನು ಆರಿಸಿಕೊಳ್ಳಿ.

ನಿಮ್ಮ ಶಾಲೆಯ ದೂರದರ್ಶಕ ಮಸೂರದ್ದಾಗಿದ್ದು 6 ಸೆಂಟಿಮೀಟರ್ ಬಾಯಿಯದಾಗಿದ್ದರೂ ಸಾಕು. ಕಣ್ಣಿಡುವ ಮಸೂರದ ಹಿಂದೆ ಒಂದಡಿ ದೂರದಲ್ಲಿ ಬಿಳಿ ರಟ್ಟು ಹಿಡಿದು, ಬಿಂಬದ ಅಂಚು ಚೂಪಾಗುವವರೆಗೆ ಹೊಂದಿಸಬೇಕು. ಕೊಳವೆಗೆ ಇನ್ನೊಂದು ರಟ್ಟಿನ ಕೊರಳು ಕಟ್ಟಿದರೆ ಬಿಳಿ ಹಾಳೆಯ ಮೇಲೆ ನೆರಳು ಬಿದ್ದು ಚುಕ್ಕೆ ಸ್ಪಷ್ಟವಾಗುತ್ತದೆ. ಪ್ಲಾಸ್ಟಿಕ್ಕಿನ ಕಣ್ಣುಮಸೂರ ಆ ಬಿಸಿಗೆ ಕರಗುವುದರಿಂದ ಗಾಜಿನದನ್ನೇ ಬಳಸಿ. ಗುರಿ ನೋಡುವ ಪುಟ್ಟ ದೂರದರ್ಶಕವನ್ನು ಕಳಚಿಡಿ ಅಥವಾ ಗಟ್ಟಿಯಾಗಿ ಮುಚ್ಚಿ; ದೊಡ್ಡದಕ್ಕೆ ಎಚ್ಚರ ವಹಿಸಿ ಇದನ್ನು ಮರೆಯುವವರೇ ಹೆಚ್ಚು, ಮಗುವಿನ ಕಣ್ಣು ಹೋಗಲು ಅದೊಂದೇ ಸಾಕು. ಒಬ್ಬ ಶಿಕ್ಷಕರು ದೂರದರ್ಶಕದ ಪಕ್ಕ ಬಿಟ್ಟು ಕದಲಬಾರದೆಂಬುದು ನನ್ನ ಕಟ್ಟುನಿಟ್ಟಾದ ವಿನಂತಿ.

ಮಕ್ಕಳು ಅರ್ಧ ಗಂಟೆಗೊಮ್ಮೆ ಚುಕ್ಕೆಯ ಜಾಗವನ್ನು ಹಾಳೆಯ ಮೇಲೆ ಗುರುತಿಸಲಿ. 15 ಸೆಂಟಿಮೀಟರ್ ಬಿಂಬದಲ್ಲಿ ಬುಧ ಗಂಟೆಗೆ ಎರಡೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ಸರಿಯುತ್ತಾನೆ. ಆದರೆ ಹೊತ್ತು ಕಳೆದಂತೆ ಬಿಂಬವೇ ಹಾಳೆಯ ಮೇಲೆ ತಿರುಗುವುದರಿಂದ, ಪ್ರತಿ ಸಲವೂ ದೂರದರ್ಶಕವನ್ನು ಅಲುಗಿಸದೆ ಬಿಟ್ಟು, ಬಿಂಬ ಯಾವ ಕಡೆಗೆ ಜಾರುತ್ತದೆಂದು ನೋಡಿ ಆ ಗೆರೆ ಎಳೆದುಕೊಳ್ಳಬೇಕು. ಅದು ಪಶ್ಚಿಮ ದಿಕ್ಕು. ಈ ಗೆರೆಯಿಲ್ಲದ ಚಿತ್ರಗಳನ್ನು ಆಮೇಲೆ ಒಂದರ ಮೇಲೊಂದು ಹೊಂದಿಸಲು ಬರುವುದಿಲ್ಲ. ಈ ಅಭ್ಯಾಸಕ್ಕೆ 2032ರವರೆಗೆ ಕಾಯಬೇಕಿಲ್ಲ, ಸೌರಕಲೆಗಳಿರುವ ಯಾವ ದಿನವಾದರೂ ಆದೀತು.

ಪ್ರಶ್ನೆ: ನಮ್ಮ ಸುರಪುರದ ಕಡೆ ಗ್ರಹಣದ ದಿನ ಪರಾತದಲ್ಲಿ ಅರಿಸಿನದ ನೀರು ತುಂಬಿ ಸೂರ್ಯನನ್ನು ನೋಡುತ್ತಾರೆ. ಕೆಲವರು ಎಕ್ಸ್‌ರೇ ಹಾಳೆ ಹಿಡಿಯುತ್ತಾರೆ. ಸಂಕ್ರಮಣಕ್ಕೆ ಇವು ಸಾಲವೇ?

ಉತ್ತರ: ಸಾಲುವುದಿಲ್ಲ, ಗ್ರಹಣಕ್ಕೂ ಇವು ಬೇಡ. ನೀರಿನ ಮೇಲ್ಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡರಷ್ಟನ್ನು ಹಿಂದಿರುಗಿಸುತ್ತದೆ. ಒಳ್ಳೆಯ ಸೌರ ಫಿಲ್ಟರ್ ಬಿಡುವ ಬೆಳಕಿಗೆ ಹೋಲಿಸಿದರೆ ಇದು ಸಾವಿರಾರು ಪಟ್ಟು ಹೆಚ್ಚು. ಎಕ್ಸ್‌ರೇ ಹಾಳೆ ಬೆಳಕನ್ನು ಮಂದ ಮಾಡಿದರೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಿಡುತ್ತದೆ, ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲದ ಕಾರಣ ಸುಟ್ಟದ್ದೂ ತಿಳಿಯುವುದಿಲ್ಲ. 14ನೆಯ ಸಂಖ್ಯೆಯ ವೆಲ್ಡಿಂಗ್ ಗಾಜು ಬರಿಗಣ್ಣಿಗೆ ಸರಿ. ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವುದಾದರೆ ಫಿಲ್ಟರ್ ಅದರ ಮುಂದಿನ ಬಾಯಿಗೇ ಇರಬೇಕು. ಕಣ್ಣಿನ ಕಡೆ ಇಟ್ಟದ್ದು ಬಿಸಿಗೆ ಸಿಡಿಯಬಹುದು.

ಪ್ರಶ್ನೆ: ಬುಧ ವರ್ಷಕ್ಕೆ ಮೂರು ಸಲವಾದರೂ ಭೂಮಿಗೂ ಸೂರ್ಯನಿಗೂ ನಡುವೆ ಬರುತ್ತಾನಲ್ಲ, ಪ್ರತಿ ಸಲವೂ ಸಂಕ್ರಮಣ ಏಕೆ ಆಗುವುದಿಲ್ಲ? (ವಿದ್ಯಾರ್ಥಿನಿ, ಬಸವಕಲ್ಯಾಣ)

ಉತ್ತರ: ಅವನ ಕಕ್ಷೆ ನಮ್ಮ ಕಕ್ಷೆಗೆ 7 ಡಿಗ್ರಿ ಓರೆಯಾಗಿರುವುದರಿಂದ ಬಹಳ ಸಲ ಸೂರ್ಯನ ಮೇಲಿನಿಂದಲೋ ಕೆಳಗಿನಿಂದಲೋ ದಾಟಿಹೋಗುತ್ತಾನೆ. ಎರಡು ಕಕ್ಷೆಗಳ ಸಮತಲಗಳು ಸೇರುವ ಗೆರೆಯನ್ನು ಭೂಮಿ ಮೇ 8 ಮತ್ತು ನವೆಂಬರ್ 10ರ ಆಸುಪಾಸಿನಲ್ಲಿ ದಾಟುತ್ತದೆ. ಆ ದಿನಗಳಲ್ಲೇ ಬುಧ ನಡುವೆ ಬಂದರೆ ಮಾತ್ರ ಸಂಕ್ರಮಣ. ಹೀಗಾಗಿ ಶತಮಾನಕ್ಕೆ ಹದಿಮೂರು ಹದಿನಾಲ್ಕು ಸಲ ಮಾತ್ರ ಒದಗುತ್ತದೆ. ಶುಕ್ರನದು ಇನ್ನೂ ಅಪರೂಪ, ಮುಂದಿನದು 2117ರ ಡಿಸೆಂಬರಿನಲ್ಲಿ. 2032ರಲ್ಲಿ ಮೋಡ ಕವಿದರೆ ನಿರಾಶೆಪಡಬೇಡಮ್ಮಾ, 2039ರ ನವೆಂಬರ್ 7ರಂದು ಮತ್ತೊಂದು ಬುಧ ಸಂಕ್ರಮಣವಿದೆ, ಅದೂ ನಮ್ಮಲ್ಲಿ ಹಗಲು ಹೊತ್ತಿನಲ್ಲೇ.