ನಿಮ್ಮ ಲೇಖನ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

ಹಳೆಯ ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ಆಯಿಲ್ ನೋಡುವುದು ಹೇಗೆ, ಬದಲಿಸುವುದು ಹೇಗೆ ಅಂತ ನೀವು ಬರೆದ ಆರು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಾಲ್ಕನೇ ಪುಟದ ಕೊನೆಯಲ್ಲಿರುವ ಒಂದು ಸಾಲು: ‘ಮೊದಲ ಸಲ ನಾನು ಗಾಡಿ ತಣ್ಣಗಿದ್ದಾಗಲೇ ಬಿಸಿ ಗುರುತಿನವರೆಗೆ ತುಂಬಿಸಿ, ಆಮೇಲೆ ತೆಗೆಯಬೇಕಾಯಿತು.’ (ಬಿಸಿ ಗುರುತು ಅಂದರೆ ಗಾಡಿ ಬಿಸಿಯಾಗಿರುವಾಗ ಆಯಿಲ್ ಇರಬೇಕಾದ ಮಟ್ಟ.) ಅಷ್ಟು ಹೇಳಿ ಮುಂದಿನ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ಅದೇ ನಿಮ್ಮ ಲೇಖನ, ಸ್ವಾಮಿ. ಉಳಿದದ್ದು ಯಾರು ಬೇಕಾದರೂ ಬರೆಯಬಹುದು.

ಮೊದಲ ಎರಡು ಪುಟಗಳನ್ನು ತೆಗೆಯಿರಿ. ಚಕ್ರ ಕಂಡುಹಿಡಿದ ಕಾಲದಿಂದ ಶುರು ಮಾಡಿ, 1939ರ ಹೈಡ್ರಾ-ಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಅವನ ಗಾಡಿ ಗೇರ್ ಹಿಡಿಯಲು ತಡಮಾಡುತ್ತಿದೆ, ಅವನಿಗೆ ಚಿಂತೆ ಅದು. ಒಂದು ಮಾತನ್ನು ಮಾತ್ರ ಉಳಿಸಿಕೊಳ್ಳಿ: 1970ರ ದಶಕದ ಆರಂಭದವರೆಗೂ ಈ ಆಯಿಲ್‌ಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು ಅನ್ನುವುದು. ಅದು ಬರೀ ಸ್ವಾರಸ್ಯದ ಮಾತಲ್ಲ. ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲಿ ಮುಳುಗಿಯೇ ಹಿಡಿಯಬೇಕು, ಬಿಡಬೇಕು. ಜಾಸ್ತಿ ಜಾರಿದರೆ ಪ್ಲೇಟು ಸುಡುತ್ತದೆ, ಥಟ್ಟನೆ ಹಿಡಿದರೆ ಗಾಡಿ ಜರ್ಕ್ ಹೊಡೆಯುತ್ತದೆ. ಆ ಹದ ಕೊಡುವುದು ಆಯಿಲ್‌ಗೆ ಸೇರಿಸಿದ ವಸ್ತುಗಳು. ಆಗ ತಿಮಿಂಗಿಲದ ಎಣ್ಣೆ ಮಾಡುತ್ತಿದ್ದ ಕೆಲಸವನ್ನು ಈಗ ಬೇರೆ ರಾಸಾಯನಿಕಗಳು ಮಾಡುತ್ತವೆ.

ಇದನ್ನು ಹೇಳಿದರೆ ನೀವು ಮೂರನೇ ಪುಟದಲ್ಲಿ ಬರೆದ ‘ಸೂಕ್ತ ದ್ರವವನ್ನು ಬಳಸತಕ್ಕದ್ದು’ ಅನ್ನುವುದಕ್ಕೂ ಜೀವ ಬರುತ್ತದೆ. ಸೂಕ್ತ ಅಂದರೆ ಯಾವುದು? ಜನರಲ್ ಮೋಟರ್ಸ್‌ನ ಡೆಕ್ಸ್‌ರಾನ್ ಬೇರೆ, ಫೋರ್ಡ್‌ನ ಹಳೆಯ ಟೈಪ್ ಎಫ್ ಬೇರೆ, ಟೊಯೋಟಾದ ಟಿ-4 ಬೇರೆ, ಹಲ್ಲಿನ ಗೇರುಗಳ ಬದಲು ಬೆಲ್ಟ್ ಇರುವ ಸಿವಿಟಿ ಗೇರ್‌ಬಾಕ್ಸಿನ ಆಯಿಲ್ ಅಂತೂ ಪೂರಾ ಬೇರೆ. ಎಲ್ಲವೂ ಆಯಿಲೇ ಅಲ್ವಾ ಅಂತ ಸುರಿಯುವವರು ಇದ್ದಾರೆ. ಗಾಡಿಯ ಕೈಪಿಡಿಯಲ್ಲಿ, ಕೆಲವು ಗಾಡಿಗಳಲ್ಲಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲೇ, ಹೆಸರು ಬರೆದಿರುತ್ತದೆ. ಅದನ್ನೇ ಹಾಕಿ ಅಂತ ನೇರವಾಗಿ ಹೇಳಿ. ಅಂದ ಹಾಗೆ, ‘ಸ್ವಯಂಚಾಲಿತ ಪ್ರಸರಣ ದ್ರವ’ ಅಂತ ಹನ್ನೊಂದು ಕಡೆ ಬರೆದಿದ್ದೀರಿ. ಯಾವ ಗ್ಯಾರೇಜಿನಲ್ಲಿ ಇದನ್ನು ಕೇಳಿದ್ದೀರಿ? ಗೇರ್ ಆಯಿಲ್ ಅಂದರೆ ಮ್ಯಾನ್ಯುವಲ್ ಗಾಡಿಯ ದಪ್ಪ ಆಯಿಲ್ ಅನ್ನೋ ಗೊಂದಲ ಬರುತ್ತದೆ ಅಂತ ನಿಮಗೆ ಅನಿಸಿದ್ದರೆ, ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಅನ್ನಿ. ಸಾಕು.

ಈಗ ನಾಲ್ಕನೇ ಪುಟ. ಅವತ್ತು ಏನಾಯಿತು ಅಂತ ಬರೆಯಿರಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಎಲ್ಲಿತ್ತು? ನೀವು ಎಷ್ಟು ಹಾಕಿದಿರಿ, ಅರ್ಧ ಲೀಟರೋ, ಒಂದೋ? ಗಾಡಿ ಬಿಸಿಯಾದ ಮೇಲೆ ಗೇರ್ ಬೀಳುವ ರೀತಿ ಹೇಗೆ ಬದಲಾಯಿತು? ಮತ್ತೆ ಡಿಪ್‌ಸ್ಟಿಕ್ ಎಳೆದಾಗ ಗುಳ್ಳೆ ಕಂಡಿತಾ? ಆಮೇಲೆ ಕಾರಣ ಬಿಡಿಸಿ ಹೇಳಿ. ಬಿಸಿಯಾದರೆ ಆಯಿಲ್ ಹಿಗ್ಗುತ್ತದೆ. ತಣ್ಣಗಿದ್ದಾಗ ಬಿಸಿ ಗುರುತಿಗೆ ಸರಿಹೊಂದಿಸಿದರೆ, ಓಡಿಸಿದ ಮೇಲೆ ಅದು ಗುರುತು ದಾಟುತ್ತದೆ. ಮಟ್ಟ ಮೇಲೇರಿದರೆ ತಿರುಗುವ ಭಾಗಗಳು ಆಯಿಲ್‌ಗೆ ತಗುಲಿ, ಸೋಪಿನ ನೀರು ಕಲಕಿದ ಹಾಗೆ ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಗಾಳಿ ಇದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಕ್ಲಚ್ಚನ್ನು ಒತ್ತಿಹಿಡಿಯುವ ಆಯಿಲ್‌ನ ಒತ್ತಡ ನಿಲ್ಲುವುದಿಲ್ಲ, ಕ್ಲಚ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಆಯಿಲ್ ಕಡಿಮೆ ಇದ್ದರೆ ಪಂಪು ಗಾಳಿ ಎಳೆದು ಇದೇ ಗತಿ. ಜಾಸ್ತಿ ಆದರೂ, ಕಡಿಮೆ ಆದರೂ ಗೇರು ಒಂದೇ ಥರ ಜಾರುತ್ತದೆ, ಅಂದರೆ ಇಂಜಿನ್ ಜೋರಾಗಿ ತಿರುಗಿದರೂ ಗಾಡಿ ಎಳೆಯುವುದಿಲ್ಲ! ಓದುಗ ಜಾರಿದ್ದು ಕಂಡು ಇನ್ನೂ ಅರ್ಧ ಲೀಟರ್ ಹಾಕುತ್ತಾನೆ. ನೀವೂ ಹಾಗೆ ಮಾಡಿದ್ದಿರಾ? ಮಾಡಿದ್ದರೆ ಮುಚ್ಚಿಡಬೇಡಿ.

ಒಂದು ತಪ್ಪು ಮಾತ್ರ ಹಾಗೇ ಅಚ್ಚಾಗಿದ್ದರೆ ಓದುಗರ ಗಾಡಿ ಕೆಡುತ್ತಿತ್ತು. ‘ಇಂಜಿನ್ ಆಯಿಲ್ ನೋಡುವ ಹಾಗೆಯೇ ಇಂಜಿನ್ ನಿಲ್ಲಿಸಿ ನೋಡಿ’ ಎಂದಿದ್ದೀರಿ. ಹೆಚ್ಚಿನ ಗಾಡಿಗಳಲ್ಲಿ ಇದು ಉಲ್ಟಾ. ಗಾಡಿಯನ್ನು ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡು ಎಲ್ಲ ಗೇರಿಗೂ ಒಂದೊಂದು ಸಲ ಹಾಕಿ, ಪಾರ್ಕ್‌ಗೆ ತಂದು, ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ನಿಲ್ಲಿಸಿದರೆ, ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿರುವ ಆಯಿಲ್ ಕೆಳಗಿನ ತಟ್ಟೆಗೆ, ಅಂದರೆ ಪ್ಯಾನಿಗೆ, ಇಳಿದು ಮಟ್ಟ ಜಾಸ್ತಿ ತೋರಿಸುತ್ತದೆ. ಇದಕ್ಕೆ ಅಪವಾದಗಳೂ ಇವೆ. ಕ್ರೈಸ್ಲರ್‌ನ ಹಳೆಯ ಗಾಡಿಗಳಲ್ಲಿ ನ್ಯೂಟ್ರಲ್‌ನಲ್ಲಿಟ್ಟು ನೋಡಬೇಕು. ಹೋಂಡಾದ ಹಲವು ಗಾಡಿಗಳಲ್ಲಿ ಬಿಸಿ ಇಂಜಿನ್ ನಿಲ್ಲಿಸಿ ಒಂದು, ಒಂದೂವರೆ ನಿಮಿಷದೊಳಗೆ ನೋಡಬೇಕು. ನಿಮ್ಮದು ಹೋಂಡಾ ಇರಬಹುದು. ಹಾಗಿದ್ದರೆ ಹಾಗಂತ ಬರೆಯಬೇಕಿತ್ತು. ಡಿಪ್‌ಸ್ಟಿಕ್ಕೇ ಇಲ್ಲದ ಗಾಡಿಗಳ ಬಗ್ಗೆ ಒಂದು ಸಾಲು ಸಾಕು, ಅದು ಬೇರೆಯೇ ಲೇಖನ.

‘ಕೆಂಪಗಿದ್ದರೆ ಒಳ್ಳೆಯದು, ಕಪ್ಪಾದರೆ ಕೆಟ್ಟಿದೆ’ ಅನ್ನುವುದೂ ಅರ್ಧ ಸತ್ಯ. ಕೆಂಪು ಬರೀ ಬಣ್ಣ. ನೆಲದ ಮೇಲೆ ಬಿದ್ದ ಹನಿ ಯಾವುದರದ್ದು ಅಂತ ಗುರುತಿಸಲು ಹಾಕಿದ್ದು. ಆಯಿಲ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಕೆಟ್ಟಿತು ಅಂತಲ್ಲ. ಮೂಸಿ ನೋಡಲು ಹೇಳಿ. ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿರಬಹುದು. ಹಾಲು ಬೆರೆಸಿದಂಥ ಗುಲಾಬಿ ಬಣ್ಣ ಕಂಡರೆ ಸಾಮಾನ್ಯವಾಗಿ ರೇಡಿಯೇಟರ್ ಒಳಗೆ ಈ ಆಯಿಲನ್ನು ತಣಿಸುವ ಕೂಲರ್ ಒಡೆದು, ಇಂಜಿನ್ ತಣಿಸುವ ಕೂಲೆಂಟ್ ಸೇರಿರುತ್ತದೆ. ಆಗ ಗಾಡಿ ಓಡಿಸಲೇಬಾರದು. ಇದನ್ನು ನೀವು ಬಿಟ್ಟೇಬಿಟ್ಟಿದ್ದೀರಿ.

‘ಹಳೆಯ ಆಯಿಲ್ ಪೂರ್ತಿ ಇಳಿಸಿ’ ಎನ್ನುವುದು ಬರೆಯಲು ಸುಲಭ. ಪ್ಯಾನಿನಿಂದ ಇಳಿಯುವುದು ಒಂದು ಭಾಗ ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರ್, ಪೈಪು, ಕೂಲರ್‌ನಲ್ಲೇ ಕೂತಿರುತ್ತದೆ. 8 ಲೀಟರ್ ಗೇರ್‌ಬಾಕ್ಸಿನಿಂದ 4 ಲೀಟರ್ ಇಳಿಯಿತು ಅನ್ನಿ. ಹೊಸದು ಹಾಕಿದರೆ ಅರ್ಧ ಹೊಸದು. ಸ್ವಲ್ಪ ದಿನ ಓಡಿಸಿ ಮತ್ತೆ ಮಾಡಿದರೆ ಮುಕ್ಕಾಲು. ಮೂರನೇ ಸಲಕ್ಕೆ ಎಂಟರಲ್ಲಿ ಏಳು ಪಾಲು. ಈ ಲೆಕ್ಕ ಕೊಟ್ಟರೆ ಓದುಗನಿಗೆ ಅರ್ಥವಾಗುತ್ತದೆ. ಇಳಿದದ್ದನ್ನು ಅಳತೆ ಮಾಡಿ ಅಷ್ಟೇ ಹಾಕಿ ಎನ್ನುವ ಮಾತನ್ನೂ ಸೇರಿಸಿ. ಆದರೆ ಇಳಿಸುವ ಮೊದಲು ಮಟ್ಟ ಸರಿ ಇತ್ತಾ ಅಂತ ನೋಡಿರಬೇಕು.

ಐದನೇ ಪುಟ ಓದಿ ನನಗೆ ಸಿಟ್ಟು ಬಂತು. ವರ್ಷಗಟ್ಟಲೆ ಬದಲಿಸದ ಗೇರ್‌ಬಾಕ್ಸಿಗೆ ಹೊಸ ಆಯಿಲ್ ಹಾಕಿದರೆ ಕೆಡುತ್ತದಾ? ಎಲ್ಲರೂ ಕೇಳುವ ಪ್ರಶ್ನೆ ಇದು. ನೀವು ‘ಕೆಲವರು ಹೌದು ಎನ್ನುತ್ತಾರೆ, ಕೆಲವರು ಇಲ್ಲ ಎನ್ನುತ್ತಾರೆ’ ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದೀರಿ. ನನ್ನ ಅಭಿಪ್ರಾಯ ಇದು: ಗೇರು ಚೆನ್ನಾಗಿ ಬೀಳುತ್ತಿದ್ದರೆ, ಪ್ಯಾನಿನಿಂದ ಇಳಿಸಿ ಹಂತ ಹಂತವಾಗಿ ಬದಲಿಸಿ. ಯಂತ್ರ ಹಚ್ಚಿ ಫ್ಲಶ್ ಮಾಡಿಸಲು ಹೋಗಬೇಡಿ. ಈಗಾಗಲೇ ಜಾರುತ್ತಿದ್ದರೆ, ಮಟ್ಟ ಸರಿ ಇದ್ದೂ ಜಾರುತ್ತಿದ್ದರೆ, ಪ್ಲೇಟು ಸವೆದಿರುವುದೇ ಹೆಚ್ಚು. ಸವೆದ ಪ್ಲೇಟಿಗೆ ಹೊಸ ಆಯಿಲ್ ಮದ್ದಲ್ಲ. ಎಷ್ಟೋ ಜನ ಜಾರಲು ಶುರುವಾದ ಮೇಲೆಯೇ ಬದಲಿಸುತ್ತಾರೆ, ಆಮೇಲೆ ಕೆಟ್ಟರೆ ಆಯಿಲ್‌ನ ಮೇಲೆ ಗೂಬೆ ಕೂರಿಸುತ್ತಾರೆ. ನೀವು ಒಪ್ಪದಿದ್ದರೆ ಎದುರು ವಾದ ಬರೆಯಿರಿ, ಹಾಕುತ್ತೇನೆ. ಆದರೆ ಒಂದು ಕಡೆ ನಿಲ್ಲಿ.

ಚಿಕ್ಕಪುಟ್ಟವು: ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಬೇಕು. ತುಂಬಿಸುವ ಜಾಗದಲ್ಲೂ ಬೋಲ್ಟ್ ಇರುವ ಗಾಡಿಯಲ್ಲಿ ಅದನ್ನು ಮೊದಲು ಸಡಿಲ ಮಾಡಿ ನೋಡಬೇಕು. ಖಾಲಿ ಮಾಡಿದ ಮೇಲೆ ಅದು ಬಿಚ್ಚದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಪ್ಯಾನಿನ ಬೋಲ್ಟನ್ನು ‘ಬಲವಾಗಿ ಬಿಗಿಯಿರಿ’ ಎಂದಿದ್ದೀರಿ, ಬೇಡ. ತಗಡು ಸೊಟ್ಟಗಾಗಿ ಅಲ್ಲೇ ಸೋರುತ್ತದೆ.

ಇಷ್ಟೆಲ್ಲ ಸೇರಿಸಿಯೂ ನಾಲ್ಕು ಪುಟ ದಾಟಬೇಡಿ. ಪ್ಯಾನಿನ ಒಳಗಿನ ಅಯಸ್ಕಾಂತದ ಚಿತ್ರ ಕಳಿಸಿದ್ದೀರಲ್ಲ, ಬೂದು ಬಣ್ಣದ ನುಣ್ಣನೆಯ ಕೆಸರು ಹತ್ತಿದ್ದು, ಅದು ಚೆನ್ನಾಗಿದೆ. ಅಷ್ಟು ಕೆಸರು ಸಹಜ, ಲೋಹದ ಚೂರು ಸಿಕ್ಕರೆ ಮಾತ್ರ ಗಾಬರಿಯಾಗಬೇಕು ಅಂತ ಚಿತ್ರದ ಕೆಳಗೆ ಬರೆಯಿರಿ. ಮತ್ತೆ, ಜಾಸ್ತಿಯಾದ ಆಯಿಲನ್ನು ನೀವು ಹೇಗೆ ತೆಗೆದಿರಿ? ಡಿಪ್‌ಸ್ಟಿಕ್ ಕೊಳವೆಯಿಂದ ಎಳೆದಿರಾ, ಕೆಳಗಿನ ಬೋಲ್ಟ್ ಬಿಚ್ಚಿದಿರಾ? ಎಲ್ಲೂ ಹೇಳಿಲ್ಲ.

— ಸಂಪಾದಕ