ಸೀಟು 40, ಅರ್ಜಿ 71: ವೇಟಿಂಗ್ ಲಿಸ್ಟ್ ನಡೆಸುವುದು ಹೇಗೆ?

ಪ್ರಶ್ನೆ: ಕುಮಟಾ ಕಡೆಯ ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕಿ ನಾನು. ಆಯ್ಕೆ ವಿಷಯಗಳ ನೋಂದಣಿ ಈ ಸಲ ನನ್ನ ಪಾಲಿಗೆ ಬಂದಿದೆ. ಕಂಪ್ಯೂಟರ್ ಲ್ಯಾಬಿನಲ್ಲಿ 40 ಜನರಿಗೆ ಜಾಗ, ಬಂದಿರುವ ಅರ್ಜಿ 71. ಹೋದ ವರ್ಷ ಮೊದಲು ಬಂದವರಿಗೆ ಸೀಟು ಕೊಟ್ಟು, ಉಳಿದವರ ಹೆಸರು ಒಂದು ಹಾಳೆಯಲ್ಲಿ ಬರೆದಿಟ್ಟೆವು. ಆಮೇಲೆ ದಿನಾ ಜಗಳ. "ನನಗಿಂತ ಹಿಂದಿದ್ದವನಿಗೆ ಹೇಗೆ ಸಿಕ್ತು ಮೇಡಂ?" ಏನು ಮಾಡಲಿ?

ಉತ್ತರ: ಸೀಟು ಕಡಿಮೆ ಅಂದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ ಮೇಡಂ. ತನ್ನ ನಂಬರ್ ಎಷ್ಟು, ಅದು ಯಾಕೆ ಮುಂದೆ ಹೋಗಲಿಲ್ಲ ಅಂತ ಗೊತ್ತಾಗದಿದ್ದಾಗ ಸಿಟ್ಟು ಬರುತ್ತದೆ. ನಿಮ್ಮ ಆ ಹಾಳೆ ಆಫೀಸಿನ ಡ್ರಾವರಿನಲ್ಲಿ ಇದ್ದಿರಬೇಕು. ಈ ಸಲ ಅದನ್ನು ನೋಟಿಸ್ ಬೋರ್ಡಿಗೆ ಹಾಕಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಬ್ಬದ ಹೊತ್ತಿನಲ್ಲಿ ಕಾರವಾರ–ಬೆಂಗಳೂರು ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ತೆಗೆದವರಿಗೆ ವೇಟಿಂಗ್ ಲಿಸ್ಟ್ ಹೊಸದಲ್ಲ. ಇವತ್ತು 23 ಅಂತ ತೋರಿಸುತ್ತದೆ, ನಾಳೆ ನೋಡಿದರೆ 17. ಚಾರ್ಟ್ ಆಗುವವರೆಗೆ ಕಾಯುತ್ತೇವೆ. ಆನ್‌ಲೈನ್ ಟಿಕೆಟ್ ಆಗಲೂ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿ ರದ್ದಾಗಿ ದುಡ್ಡು ವಾಪಸ್ ಬರುತ್ತದೆ. ಬೇಜಾರಾಗುತ್ತದೆ, ಆದರೆ ಮೋಸ ಆಯಿತು ಅನಿಸುವುದಿಲ್ಲ. ನಂಬರ್ ಕಣ್ಣೆದುರಿಗೇ ಇಳಿಯುತ್ತದೆ, ಗಡುವು ಎಲ್ಲರಿಗೂ ಒಂದೇ. ನಿಮ್ಮ ಪಟ್ಟಿಗೂ ಇವೆರಡು ಬೇಕು.

ಇನ್ನು ಮೊದಲು ಬಂದವರಿಗೆ ಮೊದಲು ಅನ್ನುವ ಪದ್ಧತಿ. ನಮ್ಮ ಜಿಲ್ಲೆಗೆ ಇದು ಹೊಂದುವುದಿಲ್ಲ. ಕಾಲೇಜಿನ ಎದುರೇ ಮನೆ ಇರುವವನು ಎಂಟೂವರೆಗೆ ಕೌಂಟರ್ ಮುಂದೆ ನಿಂತಿರುತ್ತಾನೆ. ಘಟ್ಟದ ಬುಡದ ಊರಿನಿಂದ ಎರಡು ಬಸ್ ಬದಲಿಸಿ ಬರುವವಳು ತಲುಪುವಾಗ ಹನ್ನೊಂದು. ಆನ್‌ಲೈನ್ ಮಾಡಿದರೂ ಅಷ್ಟೇ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರ್ ಕೂಡ ಹೋಗುತ್ತದೆ. ಜೋಯಿಡಾ, ಸಿದ್ದಾಪುರದ ಒಳ ಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಮಕ್ಕಳಿದ್ದಾರೆ. ಲಿಂಕ್ ಬಿಟ್ಟು ಹತ್ತು ನಿಮಿಷದಲ್ಲಿ ಸೀಟು ಮುಗಿಯಿತು ಅಂದರೆ ಅವರು ಪಟ್ಟಿಗೆ ಸೇರುವ ಮೊದಲೇ ಹೊರಗೆ.

ಅದಕ್ಕೇ ಅರ್ಜಿಗೆ ನಾಲ್ಕು ದಿನ ಕೊಡಿ. ಆ ನಾಲ್ಕು ದಿನದಲ್ಲಿ ಯಾವಾಗ ಕೊಟ್ಟರೂ ಒಂದೇ ಲೆಕ್ಕ. ಸಿಇಟಿ ಆಪ್ಷನ್ ಎಂಟ್ರಿಯ ಹಾಗೆ ಮೂರು ವಿಷಯ ಇಷ್ಟದ ಕ್ರಮದಲ್ಲಿ ಬರೆಸಿ. ಮೊದಲ ಇಷ್ಟವಾಗಿ ಕಂಪ್ಯೂಟರ್ ಬರೆದವರೇ 40ಕ್ಕಿಂತ ಜಾಸ್ತಿ ಇದ್ದರೆ ಎಲ್ಲರೆದುರು ಚೀಟಿ ಎತ್ತಿ. ಅಂಕ ನೋಡಿ ಕೊಡಬಹುದಲ್ಲ ಅನ್ನುವವರಿದ್ದಾರೆ. ಬೇರೆ ವಿಭಾಗದ ವಿಷಯವನ್ನೂ ಕಲಿಯಲಿ ಅಂತಲೇ ಇಟ್ಟ ಪಾಠಕ್ಕೆ ಅಂಕದ ಜರಡಿ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಕೊನೆಯ ವರ್ಷದವರು ಇದ್ದರೆ ಅವರಿಗೆ ಮಾತ್ರ ಆದ್ಯತೆ ಕೊಡಿ, ಮುಂದಿನ ವರ್ಷ ಅವರಿಗೆ ಇಲ್ಲವಲ್ಲ. ಇದನ್ನೂ ನೋಟಿಸಿನಲ್ಲಿ ಮೊದಲೇ ಹಾಕಿ.

ಚೀಟಿಯಲ್ಲಿ 41ನೇ ನಂಬರಿನಿಂದ ಬಂದವರದ್ದು ವೇಟಿಂಗ್ ಲಿಸ್ಟ್. ಅವರಿಗೆ ಎರಡನೇ ಇಷ್ಟದ ವಿಷಯದಲ್ಲಿ ಅವತ್ತೇ ಸೀಟು ಕೊಟ್ಟುಬಿಡಿ. ಪಾಠವಿಲ್ಲದೆ ಸುಮ್ನೆ ಕಾಯುವ ಹಾಗಾಗಬಾರದು. ಒಬ್ಬರು ಒಂದೇ ವೇಟಿಂಗ್ ಲಿಸ್ಟಿನಲ್ಲಿರಲಿ. ಇಲ್ಲದಿದ್ದರೆ ಒಂದೇ ಹೆಸರು ಮೂರು ಕಡೆ ಇರುತ್ತದೆ, ಯಾವ ಪಟ್ಟಿ ಎಷ್ಟು ಉದ್ದ ಅಂತ ನಿಮಗೇ ತಿಳಿಯುವುದಿಲ್ಲ.

ಸೀಟು ಖಾಲಿಯಾದಾಗ ಕರೆಯುವ ರೀತಿಯಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಪ್ರವೇಶ ವಿಭಾಗ ನೋಡಿಕೊಳ್ಳುತ್ತಿದ್ದ ಕಾಲದ ಮಾತು. ಪಟ್ಟಿಯಲ್ಲಿ ಮೂರನೆಯವಳಾಗಿದ್ದ ಹುಡುಗಿಗೆ ಎರಡು ಸಲ ಫೋನ್ ಮಾಡಿದೆ, ಎರಡೂ ಸಲ ನಾಟ್ ರೀಚೆಬಲ್. ಸಂಜೆಯೊಳಗೆ ಲಾಂಗ್‌ಬುಕ್ಕಿನಲ್ಲಿ ಅವಳ ಹೆಸರಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ನಾಲ್ಕನೆಯವನಿಗೆ ಸೀಟು ಕೊಟ್ಟೆ. ಮೂರನೇ ದಿನ ಅವಳು ಬಂದಳು. ಹಳ್ಳದ ನೀರು ರಸ್ತೆ ಮೇಲೆ ಬಂದು ಬಸ್ ನಿಂತಿತ್ತಂತೆ. ಕೊಡೆಯ ನೀರು ಟೇಬಲ್ಲಿನ ಮೇಲೆ ಬೀಳದ ಹಾಗೆ ಹಿಂದಕ್ಕೆ ಹಿಡಿದುಕೊಂಡು, ಬಗ್ಗಿ ಆ ಗೆರೆ ನೋಡಿದಳು. ಏನೂ ಕೇಳಲಿಲ್ಲ. ಆ ಗೆರೆ ಎಳೆಯುವ ಹಕ್ಕು ನನಗಿರಲಿಲ್ಲ ಅಂತ ಈಗಲೂ ಅನಿಸುತ್ತದೆ.

ಆದ್ದರಿಂದ ಕರೆದ ಮೇಲೆ ಪೂರ್ತಿ ಎರಡು ಕೆಲಸದ ದಿನ ಕಾಯಿರಿ. ಮಳೆಗೆ ಜಿಲ್ಲಾಡಳಿತ ರಜೆ ಕೊಟ್ಟ ದಿನ ಲೆಕ್ಕಕ್ಕಿಲ್ಲ. ಫೋನ್, ಮೆಸೇಜ್, ನೋಟಿಸ್ ಬೋರ್ಡ್ ಮೂರೂ ಕಡೆ ತಿಳಿಸಿ, ಎಷ್ಟು ಗಂಟೆಗೆ ಕರೆದಿರಿ ಅಂತ ಹೆಸರಿನ ಪಕ್ಕ ಬರೆಯಿರಿ. ಮನೆಯವರದ್ದೋ ಪಕ್ಕದ ಮನೆಯವರದ್ದೋ ಇನ್ನೊಂದು ನಂಬರ್ ಅರ್ಜಿಯಲ್ಲೇ ತೆಗೆದುಕೊಳ್ಳಿ.

ಪಾಠ ಶುರುವಾದ ಎರಡನೇ ವಾರದ ಕೊನೆಗೆ ಪಟ್ಟಿ ಮುಚ್ಚಿಬಿಡಿ. 75 ಶೇಕಡ ಹಾಜರಾತಿ ಬೇಕಾದ ಕಡೆ ಒಂದು ತಿಂಗಳ ನಂತರ ಸೀಟು ಕೊಟ್ಟರೆ ಆ ಹುಡುಗನನ್ನೇ ತೊಂದರೆಗೆ ಸಿಕ್ಕಿಸಿದ ಹಾಗೆ.

ಪಟ್ಟಿ ಮುಚ್ಚಿದ ಮೇಲೂ ಹರಿಯಬೇಡಿ. ಕೊನೆಯವರೆಗೂ 20 ಮಂದಿ ಕಾದಿದ್ದರೆ ಅದನ್ನು ಹಿಡಿದುಕೊಂಡು ಪ್ರಾಂಶುಪಾಲರ ಹತ್ತಿರ ಹೋಗಿ. ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತದಾ, ಇನ್ನೊಂದು ಬ್ಯಾಚ್ ಮಾಡಲು ಅತಿಥಿ ಉಪನ್ಯಾಸಕರು ಸಿಗುತ್ತಾರಾ ಕೇಳಿ. "ತುಂಬಾ ಮಕ್ಕಳು ಕೇಳ್ತಿದ್ದಾರೆ ಸರ್" ಅನ್ನುವುದಕ್ಕಿಂತ 20 ಹೆಸರಿನ ಪಟ್ಟಿಗೆ ಬೆಲೆ ಜಾಸ್ತಿ. ಮತ್ತೆ ಸಂಜೆ ಐದರ ಬಸ್ ಹಿಡಿಯಬೇಕಾದವರನ್ನು ಕೇಳಿಯೇ ಮಧ್ಯಾಹ್ನದ ಬ್ಯಾಚಿಗೆ ಹಾಕಿ.

ಪ್ರಶ್ನೆ: ಮಗಳಿಗೆ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅವಳಿಗೆ ಇಷ್ಟವಾದ ಕೋರ್ಸ್‌ಗೆ ಇನ್ನೊಂದು ಕಡೆ ವೇಟಿಂಗ್ ಲಿಸ್ಟಿನಲ್ಲಿದ್ದಾಳೆ. ಈಗ ಫೀ ಕಟ್ಟಿ, ಆಮೇಲೆ ಬಿಟ್ಟರೆ ದುಡ್ಡು, ಮಾರ್ಕ್ಸ್ ಕಾರ್ಡ್ ವಾಪಸ್ ಸಿಗುತ್ತದಾ? (ಅಂಕೋಲಾ)

ಉತ್ತರ: ಸಿಗಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಅಧಿಸೂಚನೆ ಪ್ರಕಾರ ಮೂಲ ಪ್ರಮಾಣಪತ್ರಗಳನ್ನು ನೋಡಿ ಅಲ್ಲೇ ಹಿಂದಿರುಗಿಸಬೇಕು, ಕಾಲೇಜಿನವರು ಇಟ್ಟುಕೊಳ್ಳುವ ಹಾಗಿಲ್ಲ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಬಿಟ್ಟರೆ ಪೂರ್ತಿ ಫೀ ವಾಪಸ್. ಅದರಲ್ಲಿ ಖರ್ಚು ಅಂತ 5 ಶೇಕಡದವರೆಗೆ, ಹೆಚ್ಚೆಂದರೆ 5000 ರೂಪಾಯಿ ಹಿಡಿಯಬಹುದು. ತಡವಾದಷ್ಟೂ ಕಡಿತ ಜಾಸ್ತಿ. ಯುಜಿಸಿ ಕೆಲವು ವರ್ಷ ಬೇರೆ ಗಡುವು ಕೊಟ್ಟಿದ್ದೂ ಇದೆ, ಆದ್ದರಿಂದ ಈ ವರ್ಷದ ಸುತ್ತೋಲೆ ನೋಡಿಕೊಳ್ಳಿ. ಬಿಡುವಾಗ ಬಾಯಲ್ಲಿ ಹೇಳಬೇಡಿ. ಅರ್ಜಿ ಬರೆದುಕೊಟ್ಟು, ಪ್ರತಿಯ ಮೇಲೆ ತಾರೀಕಿನ ಸೀಲ್ ಹಾಕಿಸಿಕೊಳ್ಳಿ.

ಪ್ರಶ್ನೆ: ಪತ್ರಿಕೋದ್ಯಮ ವಿಷಯಕ್ಕೆ ವೇಟಿಂಗ್ ಲಿಸ್ಟಿನಲ್ಲಿ 6ನೇ ನಂಬರ್. ಕಾಯಲಾ, ಬಿಡಲಾ? (ವಿದ್ಯಾರ್ಥಿನಿ, ಶಿರಸಿ)

ಉತ್ತರ: ಕಾಯಮ್ಮ, ಆದರೆ ಸಿಕ್ಕಿರುವ ವಿಷಯದ ಕ್ಲಾಸಿಗೂ ದಿನಾ ಹೋಗು. ಹೋದ ವರ್ಷ ಆ ವಿಷಯದಲ್ಲಿ ಎಷ್ಟು ಜನ ಬಿಟ್ಟಿದ್ದರು ಅಂತ ಸೀನಿಯರ್‌ಗಳನ್ನು ಕೇಳು. ಎಂಟು–ಹತ್ತು ಜನ ಬಿಟ್ಟಿದ್ದರೆ ನಿನಗೆ ಆಸೆ ಇದೆ. ಒಬ್ಬಿಬ್ಬರೇ ಆದರೆ ಮನಸ್ಸು ಈ ಕಡೆ ತಿರುಗಿಸಿಕೋ. ಪತ್ರಿಕೋದ್ಯಮದ ಮೇಷ್ಟ್ರನ್ನು ಕಂಡು, ಪಟ್ಟಿ ಮುಚ್ಚುವವರೆಗೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಬಹುದಾ ಅಂತ ಕೇಳು. ಬೇರೆ ಕ್ಲಾಸ್ ಇಲ್ಲದ ಹೊತ್ತಾದರೆ ಬೇಡ ಅನ್ನುವ ಮೇಷ್ಟ್ರು ಕಡಿಮೆ.