ಕೇಬಲ್ ಹಲವು, ದಾರಿ ಒಂದೇ

ಪ್ರಶ್ನೆ: ಯುರೋಪಿಗೆ ಹಲವು ಸಮುದ್ರ ಕೇಬಲ್‌ಗಳಿದ್ದರೂ ಒಂದೆರಡು ತುಂಡಾದರೆ ನಮ್ಮಲ್ಲಿ ಇಂಟರ್ನೆಟ್ ತೆವಳುವುದೇಕೆ?

ಉತ್ತರ: ಕೇಬಲ್ ಹಲವಾದರೂ ದಾರಿ ಬಹುಮಟ್ಟಿಗೆ ಒಂದೇ: ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್. 2008ರ ಜನವರಿ 30ರಂದು ಅಲೆಕ್ಸಾಂಡ್ರಿಯಾ ಬಳಿ ಸೀ-ಮಿ-ವಿ 4 ಮತ್ತು ಫ್ಲಾಗ್ ಎಂಬ ಕೇಬಲ್‌ಗಳೆರಡೂ ಕೈಕೊಟ್ಟವು. ಭಾರತದ ಸಂಪರ್ಕಕ್ಕೆ ದೊಡ್ಡ ಪೆಟ್ಟೇ ಬಿತ್ತು. ಸಂಸ್ಥೆಯೊಂದು ಎರಡು ಕಂಪನಿಗಳಿಂದ ಇಂಟರ್ನೆಟ್ ಲೈನ್ ಕೊಂಡ ಮಾತ್ರಕ್ಕೆ ಬದಲಿ ದಾರಿ ಸಿಕ್ಕಿತೆಂದಲ್ಲ. ನಕ್ಷೆ ತರಿಸಿ, ಕೇಬಲ್ ದಡ ಸೇರುವ ಜಾಗವೂ ಬೇರೆಯೇ ಎಂದು ನೋಡಬೇಕು. ಬಹಳಷ್ಟು ಜನ ಇದನ್ನು ಕೇಳುವುದೇ ಇಲ್ಲ!

ಸಮಾನ ಸಾಮರ್ಥ್ಯದ ಎರಡು ಲೈನ್ ಇದ್ದರೆ, ದಟ್ಟಣೆಯ ಹೊತ್ತಿನಲ್ಲೂ ಒಂದೊಂದರ ಹೊರೆ ಶೇ 50 ದಾಟಬಾರದು. ಶೇ 70 ಇತ್ತೆನ್ನಿ: ಒಂದು ಹೋದ ಕೂಡಲೇ ಇನ್ನೊಂದರ ಮೇಲೆ ಶೇ 140 ಬೀಳುತ್ತದೆ. ದಾರಿ ತೋರುವ ಸಾಧನವಾದ ರೂಟರ್‌ನ ಬಫರ್ (ಡೇಟಾ ಸರದಿ ಕಾಯುವ ಜಾಗ) ತುಂಬಿ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಉದುರುತ್ತವೆ; ಅವನ್ನೇ ಮತ್ತೆ ಕಳುಹಿಸಬೇಕಾಗುತ್ತದೆ, ಇಂಟರ್ನೆಟ್ ತೆವಳುತ್ತದೆ.

ಡೇಟಾವನ್ನು ಸಿಂಗಪುರ, ಪೆಸಿಫಿಕ್ ಕಡೆಯಿಂದ ಸುತ್ತಿಸಬಹುದು. ಆದರೆ ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ.; ಪ್ರತಿ 1,000 ಕಿ.ಮೀ. ಹೆಚ್ಚುವರಿ ದೂರಕ್ಕೆ ಹೋಗಿಬರಲು 10 ಮಿಲಿಸೆಕೆಂಡ್ ತಡ. ಇಮೇಲ್‌ಗೆ ಲೆಕ್ಕಕ್ಕಿಲ್ಲ, ವಿಡಿಯೊ ಕರೆಗೆ ಕಿರಿಕಿರಿ.

ತುಂಡಾದ ಜಾಗ ಪತ್ತೆಹಚ್ಚುವುದು ಅಷ್ಟು ಕಷ್ಟವಲ್ಲ. ದುರಸ್ತಿ ಹಡಗು ಬರುವುದು, ಆ ದೇಶದ ಅನುಮತಿ ಸಿಗುವುದು ಇವೇ ವಾರಗಳನ್ನು ನುಂಗುತ್ತವೆ.